ಮೇಲ್ಗಡೆ ಮನೆಯ ಬ್ಯಾಚುಲರ್ಸ್

ತ್ಯಾಗರಾಜನಗರದಲ್ಲಿ ಬಾಡಿಗೆಗಿದ್ದ ಮಹಡಿ ಮನೆ ನೋಡಲು ಹೋದಾಗ ನನಗೆ ಐವತ್ತೇಳು. ಮದುವೆ ಆಗಿಲ್ಲ ಅಂದಿದ್ದೇ ತಡ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಮನೆ ಓನರಮ್ಮ ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಬ್ಯಾಚುಲರ್ಸ್‌ಗೆ ಕೊಡಲ್ಲ ನಾವು.”

ನಿಂತಿದ್ದವನು ನಾನೊಬ್ಬನೇ. ಆದರೂ ನನ್ನ ಹಿಂದೆ ಮೆಟ್ಟಿಲ ಮೇಲೆ ಇನ್ನೂ ನಾಲ್ಕು ಜನ ಅಡಗಿದ್ದಾರೇನೋ ಅನ್ನುವ ಹಾಗೆ ಬಗ್ಗಿ ನೋಡಿದರು.

“ನಾನು ಮೇಷ್ಟ್ರು ಮೇಡಂ. ಇನ್ನೇನು ರಿಟೈರ್ ಆಗ್ತೀನಿ.”

“ಅದಿರ್ಲಿ. ಫ್ರೆಂಡ್ಸು ಬರ್ತಾರಾ?”

“ಭಾನುವಾರ ಇಬ್ಬರು ಬರ್ತಾರೆ. ಒಬ್ರಿಗೆ ಬೈಪಾಸ್ ಆಗಿದೆ.”

“ರಾತ್ರಿ ಪಾರ್ಟಿ ಗೀರ್ಟಿ?”

“ಅಯ್ಯೋ, ಅವ್ರು ಎಂಟಕ್ಕೆಲ್ಲ ಮಾತ್ರೆ ತಗೊಂಡು ಮಲಗೋರು.”

“ಎಲ್ಲಿ ಮಲಗ್ತಾರೆ?” ಅಂತ ಕೇಳಿದರು.

ಹತ್ತಕ್ಕೆ ಗೇಟಿಗೆ ಬೀಗ ಅನ್ನೋ ಕರಾರಿನ ಮೇಲೆ ಕೊನೆಗೂ ಮನೆ ಕೊಟ್ಟರು. ಅನುಮಾನ ಮಾತ್ರ ಹೋಗಲಿಲ್ಲ. ಮೊನ್ನೆ ತರಕಾರಿ ಚೀಲ ಹಿಡಿದು ಗೇಟು ದಾಟುವಾಗ, ಒಳಗೆ ಹೂವಿನವಳಿಗೆ ಹೇಳುತ್ತಿದ್ದರು: “ಮೇಲ್ಗಡೆ ಒಬ್ಬ ಹುಡುಗ ಇದಾನಲ್ಲ, ಅವನ ಮೇಲೆ ಸ್ವಲ್ಪ ಕಣ್ಣಿಟ್ಟಿರು.”

ನನ್ನನ್ನು ಹುಡುಗ ಅಂತ ಯಾರಾದರೂ ಕರೆದು ಯಾವ ಕಾಲವಾಗಿತ್ತೋ. ಅವತ್ತು ಮಂಡಿನೋವು ಮರೆತು ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ.