ಅಗಸಿಯಾಚೆ ನಕ್ಷೆ ಖಾಲಿ ಇತ್ತು

ಹೋದ ತಿಂಗಳು ಯಾದಗಿರಿಯಲ್ಲಿ ಸ್ಟೇಷನ್ನಿಗೆ ನಡೆದು ಹೋಗುವಾಗ ಒಂದು ಐಸ್ ಫ್ಯಾಕ್ಟರಿಯ ಗೋಡೆ ದಾಟಿದೆ. ಒಳಗೆ ಎಲ್ಲೋ ಪೈಪು ಸೋರುತ್ತಿರಬೇಕು, ಅಮೋನಿಯದ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಮುಂದಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇಗ ದಾಟಿದಳು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆ ವಾಸನೆಯ ಪಕ್ಕದ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ನೌಕರಿ ಮಾಡಿದವನು ನಾನು.

ಶಹಾಪುರದ ಹತ್ತಿರ ಕಾಲುವೆ ಕೆಲಸದ ಕ್ಯಾಂಪ್ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ದಿನಾ ಶಿರವಾಳದಿಂದ ಸೈಕಲ್ ಮೇಲೆ ಬರುತ್ತಿದ್ದೆ. ಪಕ್ಕದ ಕೋಣೆ ನಕ್ಷೆಗಳದ್ದು. ಅಲ್ಲಿ ಅಮೋನಿಯ ಹೊಗೆ ಕೊಟ್ಟು ನಕ್ಷೆಗಳ ನೀಲಿ ಪ್ರತಿ ತೆಗೆಯುತ್ತಿದ್ದರು. ಆ ಕೋಣೆಯಲ್ಲಿದ್ದವರು ಒಬ್ಬರೇ, ಟ್ರೇಸರ್ ಅಕ್ಕ. ಹಳೆ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಶಾಯಿ ಪೆನ್ನಿನಿಂದ ಒಂದೊಂದೇ ಗೆರೆ ಎತ್ತಿಕೊಳ್ಳುವುದು ಅವರ ಕೆಲಸ. ನನಗಿಂತ ಐದಾರು ವರ್ಷ ದೊಡ್ಡವರು. ಸಣ್ಣ ಕೈ, ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಶಾಯಿ. ಮಾತು ಕಡಿಮೆ. ಮಧ್ಯಾಹ್ನ ನಾವೆಲ್ಲ ವರಾಂಡದಲ್ಲಿ ಬುತ್ತಿ ಬಿಚ್ಚಿದರೆ ಅವರು ತಮ್ಮ ಕೋಣೆಯ ಕಿಟಕಿ ಹತ್ತಿರವೇ ಉಣ್ಣುತ್ತಿದ್ದರು. ಅಲ್ಲೇ ಉಣ್ಣಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಇಲ್ಲಿ ಬನ್ನಿ ಎಂದೂ ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ.

ಆ ವರ್ಷ ಹೊಸದಾಗಿ ಬಂದ ದೊಡ್ಡ ಸಾಹೇಬರು ಮೈಸೂರು ಕಡೆಯವರು, ಕೆಲಸದಲ್ಲಿ ಹುರುಪಿನವರು. ಕಾಲುವೆ ಹಳ್ಳಿಗಳ ಪಕ್ಕದಲ್ಲಿ ಹಾಯ್ದು ಹೋದರೆ ಜನ ದಾಟಬೇಕು, ದನ ನೀರು ಕುಡಿಯಬೇಕು, ಹೆಂಗಸರು ಬಟ್ಟೆ ಒಗೆಯಬೇಕು. ಇದೆಲ್ಲಕ್ಕೂ ಒಂದೇ ಚಂದದ ಮಾದರಿ ಬೇಕು ಎಂದು ಅವರು ವಿನ್ಯಾಸದ ಸ್ಪರ್ಧೆ ಇಟ್ಟರು. ಕಾಲುಸೇತುವೆ, ಅದರ ಜೊತೆ ಮೆಟ್ಟಿಲು, ದನದ ತೊಟ್ಟಿ. ಮೊದಲ ಸೇತುವೆ ಸಗರದ ಆಚೆಯ ಒಂದು ಹಳ್ಳಿಗೆ. ಹೈದರಾಬಾದು, ಬೆಂಗಳೂರು, ಪುಣೆಯ ಕಂಪನಿಗಳೆಲ್ಲ ಅರ್ಜಿ ಹಾಕಿದವು. ಅದರಲ್ಲಿ ನಾಲ್ಕನ್ನು ಆರಿಸಿ ಕೊನೆಯ ಸುತ್ತಿಗೆ ಇಟ್ಟುಕೊಂಡರು. ಆ ಪತ್ರಗಳನ್ನೆಲ್ಲ ನಾನೇ ಟೈಪ್ ಮಾಡಿದೆ. ಪ್ರತಿ ಪತ್ರದ ಜೊತೆ ಹಳ್ಳಿಯ ನಕ್ಷೆಯ ಒಂದು ನೀಲಿ ಪ್ರತಿ ಇಟ್ಟು ಕಳಿಸಿದೆವು. ಆ ನಕ್ಷೆ ಎತ್ತಿದವರು ಅಕ್ಕ.

ಕೆಲವು ದಿನಗಳ ಮೇಲೆ ನಾಲ್ಕೂ ಕಂಪನಿಯವರು ಜಾಗ ನೋಡಲು ಬಂದರು. ಎರಡು ಜೀಪು. ಹಾಜರಿ ಬರೆದುಕೊಳ್ಳಲು ನಾನು, ನಕ್ಷೆ ಬಿಡಿಸಿ ತೋರಿಸಲು ಅಕ್ಕ. ಕಾಲುವೆ ಅಗೆತ ಇನ್ನೂ ಆ ಊರಿಗೆ ಮುಟ್ಟಿರಲಿಲ್ಲ. ಎಲ್ಲಿ ಹಾಯುತ್ತದೆ ಎಂಬುದಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ನಿಂತು ಎಲ್ಲರೂ ನಕ್ಷೆ ನೋಡಿದರು. ಅದರಲ್ಲಿ ಗೆರೆಯ ಈಚೆ ಊರು, ಆಚೆ ಖಾಲಿ ಹೊಲ. ಮೇಲ್ಗಡೆ ಬಂಡಿ ದಾರಿ ಇರುವಲ್ಲಿ ಸೇತುವೆ ಹಾಕುವುದು ಎಂದು ನಾಲ್ಕೂ ಜನ ಹೆಚ್ಚು ಕಡಿಮೆ ಒಪ್ಪಿದ್ದರು.

ಅಷ್ಟರಲ್ಲಿ ಸುಣ್ಣದ ಗೆರೆಯ ಆಚೆಯಿಂದ, ಇಳಿಜಾರಿನ ಜಾಲಿ ಗಿಡಗಳ ನಡುವಿನಿಂದ, ಕೊಡ ಹೊತ್ತ ಏಳೆಂಟು ಹೆಂಗಸರು ಬಂದರು. ಹಿಂದೆ ಪಾಟಿಚೀಲ ಹೊತ್ತ ಶಾಲೆಯ ಮಕ್ಕಳು. ಬೆಂಗಳೂರಿನ ಕಂಪನಿಯ ಹುಡುಗಿಯೊಬ್ಬಳು ನಕ್ಷೆಯನ್ನೂ ಅವರನ್ನೂ ನೋಡಿ ಕೇಳಿದಳು.

"ಇವರೆಲ್ಲ ಯಾವ ಊರಿನವರು?"

ನಮ್ಮ ಸೆಕ್ಷನ್ ಆಫೀಸರ್ ಹೇಳಿದರು, "ಆ ಕಡೆ ಹೊಲದಾಗ ದುಡಿಯೋ ಮಂದಿ, ಬಿಡ್ರಿ. ಹಂಗs ಓಡಾಡ್ತಾರ."

ಕೊಡ ಹೊತ್ತವರಲ್ಲಿ ವಯಸ್ಸಾದ ಒಬ್ಬಾಕೆ ನಮ್ಮ ಹತ್ತಿರ ಬಂದು ನಿಂತಳು. ಅಕ್ಕನ ಮುಖ ನೋಡಿ, "ಯಾವಾಗ ಬಂದಿ? ಮನಿಗೆ ಬರೂದಿಲ್ಲೇನು?" ಎಂದಳು. ಆಕೆ ಅಕ್ಕನ ಚಿಗವ್ವ, ಅಂದರೆ ಚಿಕ್ಕಮ್ಮ. ಅಕ್ಕನ ತವರು ಆ ಇಳಿಜಾರಿನ ಕೇರಿಯಲ್ಲಿ, ಸುಣ್ಣದ ಗೆರೆಯ ಆಚೆ. ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗದಲ್ಲಿ.

ಅಕ್ಕ, "ಆಮ್ಯಾಲ ಬರ್ತೀನಿ ಚಿಗವ್ವ" ಎಂದಷ್ಟೇ ಹೇಳಿ ನಕ್ಷೆ ಸುತ್ತಿದರು.

ಮರುದಿನ ನಾನು ಆಫೀಸಿಗೆ ಬರುವ ಮುಂಚೆಯೇ ಅಕ್ಕ ನನ್ನ ಮೇಜಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಒಂದು ಹಾಳೆ, ಪೆನ್ಸಿಲಿನಲ್ಲಿ ಬರೆದದ್ದು. ದೊಡ್ಡ ಸಾಹೇಬರಿಗೆ ಅರ್ಜಿ. ಸ್ಪರ್ಧೆಗೆ ಕಳಿಸಿದ ನಕ್ಷೆಯಲ್ಲಿ ಕೇರಿ ಬಿಟ್ಟುಹೋಗಿದೆ, ನಕ್ಷೆ ಎತ್ತಿದವಳು ನಾನೇ, ಅದು ಬಿಟ್ಟಿದೆ ಎಂದು ನನಗೆ ಆಗಲೇ ಗೊತ್ತಿತ್ತು, ಎಂದು ಬರೆದಿದ್ದರು. ಟೈಪ್ ಮಾಡಿಕೊಡಿ ಎಂದರು.

"ಗೊತ್ತಿತ್ತು ಅಂತ ಯಾಕ ಬರೀತೀರಿ ಅಕ್ಕಾರ?" ಎಂದೆ. "ಹಳೆ ನಕ್ಷೆದಾಗs ಇರಲಿಲ್ಲ ಅನ್ರಿ. ನಿಮ್ಮ ಮ್ಯಾಲ ಬರೂದಿಲ್ಲ."

"ಹಳೆ ನಕ್ಷೆದಾಗ ಇರಲಿಲ್ಲ, ಖರೇ. ಎಷ್ಟೈತೋ ಅಷ್ಟs ತೆಗಿ ಅಂದ್ರು, ತೆಗದೆ. ಆದ್ರ ನಾ ಅಲ್ಲೇ ಹುಟ್ಟೀನಲ್ರಿ. ನನಗ ಗೊತ್ತಿರಲಿಲ್ಲ ಅಂದ್ರ ಯಾರು ನಂಬ್ತಾರ?"

ಆ ವರ್ಷವೇ ಅವರಿಗೆ ಬಡ್ತಿ ಸಿಗುವುದಿತ್ತು. ಟ್ರೇಸರ್ ಕೆಲಸದಿಂದ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಹುದ್ದೆಗೆ. ನಾನು ಅದನ್ನು ನೆನಪಿಸಿದೆ. ಸುಮ್ಮನಿರಿ, ಸೇತುವೆ ಎಲ್ಲೋ ಒಂದು ಕಡೆ ಆಗುತ್ತದೆ, ಸ್ವಲ್ಪ ಸುತ್ತು ಹಾಕಿ ಬರುತ್ತಾರೆ ಎಂದೆ. ಹಾಗಂದಿದ್ದು ನನಗೆ ಚೆನ್ನಾಗಿ ನೆನಪಿದೆ...

ಅವರು ಸಿಟ್ಟಾಗಲಿಲ್ಲ. "ಗೆರಿ ಎಳದಾಕಿನೂ ನಾನs, ಬಿಟ್ಟಾಕಿನೂ ನಾನs. ನೀವು ಟೈಪ್ ಮಾಡ್ರಿ" ಎಂದರು. ಮಾಡಿಕೊಟ್ಟೆ.

ದೊಡ್ಡ ಸಾಹೇಬರು ಅರ್ಧ ಗಂಟೆಯಲ್ಲಿ ಅಕ್ಕನನ್ನು ಕರೆಸಿದರು. ನಾನು ಫೈಲು ಹಿಡಿದು ಬಾಗಿಲಲ್ಲಿದ್ದೆ.

"ನಾಲ್ಕು ಕಂಪನಿಗೆ ಈಗ ಏನಂತ ಬರೀಲಿ? ನಮ್ಮ ನಕ್ಷೆ ಸುಳ್ಳು ಅಂತ ಬರೀಲಾ?" ಎಂದು ಕೇಳಿದರು.

"ಸುಳ್ಳಲ್ರಿ ಸಾಹೇಬ್ರ. ಅರ್ಧ."

"ಮೊದಲೇ ಯಾಕೆ ಹೇಳಲಿಲ್ಲ?"

"ಅಂಜಿಕಿ ಇತ್ರಿ."

ಸಾಹೇಬರು ಅರ್ಜಿಯ ಮೂಲೆಯಲ್ಲಿ ಸಹಿ ಹಾಕಿದರು. ಆಮೇಲೆ, ಸೋಮವಾರದೊಳಗೆ ಪೂರ್ತಿ ನಕ್ಷೆ ಮೇಜಿನ ಮೇಲಿರಬೇಕು ಎಂದರು. ಅಳೆಯಲು ಆಳು ಕೊಡಲಿಲ್ಲ. ಹಾಗಾಗಿ ಭಾನುವಾರ ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು ಹೋದೆ. ಯಾಕೆ ಹೋದೆ ಎಂದರೆ ಇವತ್ತಿಗೂ ಸರಿಯಾಗಿ ಹೇಳಲಾರೆ. ಸುಮ್ಮನಿರಿ ಎಂದ ನನ್ನ ಮಾತೇ ಚುಚ್ಚುತ್ತಿತ್ತು ಎನ್ನಬಹುದು. ಅಕ್ಕ ಮನೆ ಮನೆ ಅಳೆದರು. ಬುದ್ಧನ ಪಟ ಇಟ್ಟಿದ್ದ ಸಣ್ಣ ಮಂದಿರ, ಕೆಟ್ಟು ನಿಂತ ಕೈಪಂಪು, ಹಳ್ಳಕ್ಕೆ ಇಳಿಯುವ ಕಾಲುದಾರಿ, ಒಂದನ್ನೂ ಬಿಡಲಿಲ್ಲ. ಚಿಗವ್ವನ ಮನೆಯಲ್ಲಿ ಚಹಾ ಕೊಟ್ಟರು. ಹುಟ್ಟಿದಾರಭ್ಯ ಅಂಥ ಮನೆಯ ಒಳಗೆ ನಾನು ಕೂತಿರಲಿಲ್ಲ. ಚಹಾ ಸಿಹಿ ಜಾಸ್ತಿಯಾಗಿತ್ತು. ಕುಡಿದೆ.

ಹೊಸ ನಕ್ಷೆ ಹೋದ ಮೇಲೆ ನಾಲ್ಕರಲ್ಲಿ ಎರಡು ಕಂಪನಿ ಸ್ಪರ್ಧೆ ಬಿಟ್ಟವು. ಆಟದ ನಡುವೆ ನಿಯಮ ಬದಲಿಸಿದಿರಿ ಎಂದು ಒಂದು ಕಂಪನಿ ಕಟುವಾಗಿ ಬರೆದಿತ್ತು. ಉಳಿದವು ಎರಡು. ಹೈದರಾಬಾದಿನವರು ಸೇತುವೆಯನ್ನು ಮೇಲ್ಗಡೆಯೇ ಇಟ್ಟು ಕೇರಿಗೆ ಒಂದು ದಾರಿ ಸೇರಿಸಿದ್ದರು. ಬೆಂಗಳೂರಿನವರು ಹಳೆಯದನ್ನು ಹರಿದು ಹೊಸದಾಗಿ ಬರೆದಿದ್ದರು. ಸೇತುವೆ ಕೆಳಗೆ, ಕೇರಿ ಮತ್ತು ಅಗಸಿಯ ನೇರಕ್ಕೆ. ಮೆಟ್ಟಿಲು ಎರಡೂ ದಂಡೆಗೆ. ಎತ್ತಿನ ಬಂಡಿಯೂ ಹೋಗುವಷ್ಟು ಅಗಲ. ಸಮಿತಿಯಲ್ಲಿ ಎರಡು ದಿನ ಜಗ್ಗಾಡಿದರು. ಊರಿನ ಇಬ್ಬರು ಮುಖಂಡರು ಬಂದು ಮೇಲ್ಗಡೆಯೇ ಆಗಲಿ ಎಂದು ಹೇಳಿಹೋದರು. ಕೊನೆಗೆ ಸಾಹೇಬರು ಬೆಂಗಳೂರಿನವರದ್ದಕ್ಕೇ ಸಹಿ ಹಾಕಿದರು.

ಅದೇ ವಾರ ಅಕ್ಕನ ಹೆಸರಿಗೆ ಮೆಮೊ ಹೊರಟಿತು. ಗೊತ್ತಿದ್ದೂ ತಿಳಿಸದೆ ಕರ್ತವ್ಯಲೋಪ ಎಸಗಿದ್ದೀರಿ, ಎಂದು. ಅದನ್ನು ಬರೆದವರು ಸೆಕ್ಷನ್ ಆಫೀಸರ್, ಟೈಪ್ ಮಾಡಿದವನು ನಾನು. ಕೊಡುವುದಕ್ಕೂ ನನ್ನನ್ನೇ ಕಳಿಸಿದರು. ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ಆಮೇಲೆ ಹಾಳೆ ನನ್ನ ಕಡೆ ತಿರುಗಿಸಿ ಬೆರಳಿಟ್ಟರು.

"ಇಲ್ಲೊಂದು ಒತ್ತಕ್ಷರ ಬಿಟ್ಟೀರಿ ನೋಡ್ರಿ."

ಪೆನ್ನಿನಿಂದ ತಾವೇ ಸಣ್ಣದಾಗಿ ತಿದ್ದಿ, ಕೆಳಗೆ ಸಹಿ ಮಾಡಿ ಕೊಟ್ಟರು. ಬಡ್ತಿ ಬೇರೆಯವರಿಗೆ ಹೋಯಿತು. ಮುಂದೆ ಎಂಟು ವರ್ಷ ಅವರು ಟ್ರೇಸರ್ ಆಗಿಯೇ ಇದ್ದರು. ಮೆಮೊ ಕೊಟ್ಟ ಮರುದಿನ ನಾನು ಬುತ್ತಿ ಹಿಡಿದುಕೊಂಡು ಅವರ ಕೋಣೆಗೆ ಹೋದೆ. ಅವರು ಮೇಜಿನ ಮೇಲಿನ ಸ್ಕೇಲು ಸರಿಸಿ ಜಾಗ ಮಾಡಿದರು. ಆದರೆ ನಾನು ಹೇಳಬೇಕಿದ್ದ ಮಾತು ಹೇಳಲಿಲ್ಲ. ಸುಮ್ಮನಿರಿ ಅಂದಿದ್ದು ತಪ್ಪಾಯಿತು, ಎಂಬಷ್ಟೇ ಮಾತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಅವರಿಗೆ ಸುರಪುರಕ್ಕೆ ವರ್ಗವಾಯಿತು. ನನಗೆ ಯಾದಗಿರಿಗೆ...

ಐಸ್ ಫ್ಯಾಕ್ಟರಿ ದಾಟಿದ ಮೂರನೇ ದಿನ ನಾನು ಸುರಪುರದ ಬಸ್ ಹತ್ತಿದೆ. ಕೇಳುತ್ತ ಹೋಗಿ ಮನೆ ಹುಡುಕಿದೆ. ಬಾಗಿಲು ತೆಗೆದದ್ದು ಅವರ ಮಗಳು, ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಕ್ಯಾಂಪ್ ಆಫೀಸಿನಿಂದ ಬಂದವನು ಎಂದೆ.

"ಅವ್ವ ಹೋಗಿ ಎರಡು ವರ್ಷ ಆತ್ರಿ. ಬರ್ರಿ, ಕೂಡ್ರಿ" ಎಂದಳು.

ಕೂತೆ. ಯಾವುದಕ್ಕೆ ಬಂದೆ ಎಂದು ಹೇಳಬೇಕಾಯಿತು. ನಕ್ಷೆ, ಅರ್ಜಿ, ಮೆಮೊ, ತಪ್ಪಿದ ಬಡ್ತಿ ಎಲ್ಲ ಹೇಳಿದೆ. ಸುಮ್ಮನಿರಿ ಎಂದಿದ್ದನ್ನೂ ಹೇಳಿದೆ. ಅವಳಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಆಫೀಸಿನ ಮಾತು ಅವ್ವ ಮನೆಯಲ್ಲಿ ಆಡುತ್ತಿರಲಿಲ್ಲವಂತೆ.

ಅವಳು ಹೇಳಿದಳು, "ನಾ ಅಜ್ಜಿ ಮನ್ಯಾಗ ಇದ್ದು ಸಾಲಿ ಕಲಿತೀನ್ರಿ. ಏಳು ವರ್ಷ. ದಿನಾ ಎರಡು ಸಲ ಆ ಸೇತುವಿ ದಾಟೀನಿ. ಮಳಿಗಾಲದಾಗ ಎಷ್ಟೋ ಸಲ ಅವ್ವನs ಕೈ ಹಿಡದು ದಾಟಸ್ಯಾಳ. ಒಂದ್ ದಿನಾನೂ ಹೇಳ್ಲಿಲ್ಲ ನೋಡ್ರಿ."

ನನ್ನ ತಪ್ಪಿನ ಬಗ್ಗೆ ಅವಳು ಏನೂ ಹೇಳಲಿಲ್ಲ. ಅದನ್ನು ಮನ್ನಿಸುವುದು ಅವಳ ಕೈಯಲ್ಲಿ ಇರಲೂ ಇಲ್ಲ. ಅದು ಇದ್ದದ್ದು ಒಬ್ಬರ ಕೈಯಲ್ಲಿ. ಅಷ್ಟು ವರ್ಷ ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಎದ್ದು ಹೋಗಿ ಕೇಳಲಿಲ್ಲ.