ಬೆನ್ನ ಹಿಂದಿನ ಕೆಂಪು

೨೦೦೩ನೆಯ ಇಸವಿ, ಕಾರ್ತಿಕದ ಅಮಾವಾಸ್ಯೆ, ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಮುಂದಿನ ಬೇವಿನ ಮರದ ನೆರಳು. ಹಾಜರಿದ್ದವರು: ನಾನು, ನನ್ನ ಹೆಂಡತಿ ಬಸಮ್ಮ, ಮಗಳು ಗಿರಿಜಾ ಮತ್ತು ಕರೆಯದೆ ಬಂದ ಬಾಮೈದ ಕೊಟ್ರಪ್ಪ. ಹೀಗೆ ಶುರುಮಾಡಿದ್ದಕ್ಕೆ ನಗಬೇಡಿ. ರೈಲಿನ ಗಾರ್ಡಾಗಿ ಆಯುಷ್ಯ ಸವೆಸಿದವನಿಗೆ ಹೊತ್ತು, ಜಾಗ, ಜನ ಹೇಳದೆ ಮಾತು ತೆಗೆಯಲು ಬರುವುದಿಲ್ಲ. ಊರಿನ ಉಳಿದವರೆಲ್ಲ 'ಮೊನ್ನೆ ಯಾವಾಗಲೋ, ಎಲ್ಲೋ, ಯಾರೋ' ಎಂದು ಶುರುಮಾಡಿ ಇಡೀ ಸಂಜೆಯನ್ನು ನುಂಗುತ್ತಾರೆ. ಅವರ ಕಥೆ ಅವರಿಗೇ ಇರಲಿ.

ವಿಷಯ ಇಷ್ಟೇ. ನಮ್ಮ ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಎರಡು ಕೆಂಪು ದೀಪಗಳನ್ನು ಬಿಚ್ಚಿ, ತೊಳೆದು, ಸರಿಮಾಡಿ ಮತ್ತೆ ಕೂರಿಸುವುದು. ಇದೂ ಒಂದು ಕೆಲಸವೇ ಎಂದು ಹುಬ್ಬೇರಿಸುವವರು ದಯವಿಟ್ಟು ಎದ್ದು ಹೋಗಿ ತಮ್ಮ ಗಾಡಿಯ ಹಿಂಭಾಗವನ್ನು ಒಮ್ಮೆ ನೋಡಿ ಬರಬೇಕು. ನಾನು ಕಾಯುತ್ತೇನೆ. ನೋಡಿದಿರಾ? ಒಂದು ಹತ್ತುವುದಿಲ್ಲ, ಇನ್ನೊಂದರ ಮೇಲೆ ಸಗಣಿ ಸಿಡಿದು ಒಣಗಿದೆ. ನನಗೆ ಗೊತ್ತಿತ್ತು.

ನಮ್ಮ ಕಡೆ ಕಾರು ತೊಳೆಯುವ ರೀತಿಯನ್ನು ನಾನು ಬಹಳ ಕಾಲದಿಂದ ನೋಡುತ್ತಿದ್ದೇನೆ. ಮುಂದಿನ ಗಾಜನ್ನು ಮದುಮಗನ ಮುಖದಂತೆ ಒರೆಸುತ್ತಾರೆ. ಬಾನೆಟ್ಟಿನಲ್ಲಿ ತಮ್ಮ ಮೀಸೆ ಕಾಣುವವರೆಗೆ ತಿಕ್ಕುತ್ತಾರೆ. ಹಿಂಭಾಗಕ್ಕೆ ಬರುವ ಹೊತ್ತಿಗೆ ಬಕೀಟಿನ ನೀರೂ ಮುಗಿದಿರುತ್ತದೆ, ಮೈಯ ಹುರುಪೂ ಮುಗಿದಿರುತ್ತದೆ. ಒದ್ದೆ ಬಟ್ಟೆಯನ್ನು ಒಮ್ಮೆ ಬೀಸಿ, ನೊಣ ಓಡಿಸಿದಂತೆ ಮಾಡಿ, ಚಹಾಕ್ಕೆ ಹೋಗುತ್ತಾರೆ. ಅಂಗಿಯ ಮುಂದಿನ ಅರ್ಧಕ್ಕೆ ಮಾತ್ರ ಇಸ್ತ್ರಿ ಹಾಕಿಕೊಂಡು ಮದುವೆಗೆ ಹೊರಟ ಜನ ಇವರು.

ಇಂಥವರ ಮುಖಂಡ ನಮ್ಮ ಕೊಟ್ರಪ್ಪ. ಕಾನಹೊಸಹಳ್ಳಿಯಲ್ಲಿ ಬಾಡಿಗೆ ಜೀಪು ಓಡಿಸುತ್ತಾನೆ. ಅದರ ಮೂತಿಯ ತುಂಬ ಸಾಲಾಗಿ ಹಳದಿ ದೀಪಗಳಿವೆ. ಎದುರಿಗೆ ಬಂದವನು ಕಣ್ಣು ಕತ್ತಲೆಗಟ್ಟಿ ಶೇಂಗಾ ಹೊಲಕ್ಕೆ ಇಳಿಯಬೇಕು, ಅಷ್ಟು ಬೆಳಕು. ಹಿಂದೆ ಒಂದು ಹದ್ದಿನ ಚಿತ್ರ, ಅದರ ಕೆಳಗೆ 'ಮತ್ತೆ ಸಿಗೋಣ' ಎಂಬ ಬರಹ, ದೀಪ ಇರಬೇಕಾದ ಜಾಗದಲ್ಲಿ ಎರಡು ತೂತು. ದೀಪವೆಲ್ಲಿ ಎಂದು ಒಮ್ಮೆ ಕೇಳಿದ್ದೆ.

"ಹಿಂದ ಬರಾವಂಗ ತನ್ನ ಲೈಟ್ ಇರ್ತೈತಲ್ಲ ಭಾವ, ಅದರಾಗ ನೋಡ್ಕೊಂತಾನ" ಎಂದಿದ್ದ.

ಇಂಥ ತರ್ಕಕ್ಕೆ ಉತ್ತರ ಹೊಳೆದರೂ ಕೊಡಬಾರದು.

ನಾನು ಹೊಟ್ಟೆ ಹೊರೆದದ್ದೇ ಹಿಂದಿನ ದೀಪದಿಂದ. ಹಳಿಯ ಪಕ್ಕ ನಿಂತ ಮಕ್ಕಳು ಎಂಜಿನ್ನಿಗೆ ಕೈ ಬೀಸುತ್ತಾರೆ. ಕೊನೆಯ ಡಬ್ಬಿಯಲ್ಲಿ ಕುಳಿತ ಗಾರ್ಡು ಹಾದು ಹೋಗುವ ಹೊತ್ತಿಗೆ ಮಕ್ಕಳ ಕೈ ಸೋತು ಇಳಿದಿರುತ್ತದೆ. ಆದರೆ ಸ್ಟೇಷನ್ ಮಾಸ್ತರನು ಎಂಜಿನ್ ನೋಡಿ ಒಳಗೆ ಹೋಗುವಂತಿಲ್ಲ. ಕೊನೆಯ ಡಬ್ಬಿಯ ಬೆನ್ನಿನ ಕೆಂಪು ದೀಪ ಕಣ್ಣಿಗೆ ಬೀಳುವವರೆಗೆ ಅವನು ನಿಂತಿರಬೇಕು. ಅದು ಕಂಡರೆ ಗಾಡಿ ಪೂರ್ತಿ ಹೋಯಿತು ಎಂದು ಅರ್ಥ. ಕಾಣದಿದ್ದರೆ ನಡುವೆ ಎಲ್ಲೋ ಕೊಂಡಿ ಕಳಚಿ ಅರ್ಧ ಗಾಡಿ ಹಿಂದೆಯೇ ಉಳಿದಿರಬಹುದು. ಅಂದರೆ ಒಂದು ಇಡೀ ರೈಲು ರೈಲೆನಿಸಿಕೊಳ್ಳುವುದು ಅದರ ಬಾಲದ ದೀಪದಿಂದ, ಕೂಗುವ ಎಂಜಿನ್ನಿನಿಂದಲ್ಲ. ಇನ್ನು ಗೂಡ್ಸ್ ಗಾಡಿ ಕತ್ತಲೆಯಲ್ಲಿ ನಡುದಾರಿಯಲ್ಲಿ ನಿಂತುಬಿಟ್ಟರೆ, ಗಾರ್ಡು ಕೈದೀಪ ಹಿಡಿದು ಹಳಿಗುಂಟ ಹಿಂದಕ್ಕೆ ನಡೆದು ಹೋಗಿ, ಹಿಂದಿನ ಗಾಡಿಯನ್ನು ಎಚ್ಚರಿಸಲು ಗಾಲಿ ಹತ್ತಿದರೆ ಸಿಡಿಯುವ ಪಟಾಕಿಯನ್ನು ಹಳಿಯ ಮೇಲೆ ಕಟ್ಟಿ ಬರಬೇಕು. ನಾನು ಹಾಗೆ ನಡೆದಿದ್ದೇನೆ. ಮುಂದಿನ ಅಪಾಯವನ್ನು ಕಣ್ಣು ನೋಡಿಕೊಳ್ಳುತ್ತದೆ. ಹಿಂದೆ ಬರುವವನಿಗೆ ನಾವು ಕಂಡೆವೋ ಇಲ್ಲವೋ ಎಂಬ ಚಿಂತೆ ಮಾತ್ರ ಬೆನ್ನಿನದು. ನಿವೃತ್ತಿಯಾದರೂ ಆ ಬೆನ್ನು ನನ್ನ ಜೊತೆಗೇ ಮನೆಗೆ ಬಂದಿದೆ.

ಈ ಪೀಠಿಕೆ ಯಾಕೆಂದರೆ, ಅಂದು ಸಂಜೆ ಗಿರಿಜಾ ಆ ಕಾರನ್ನು ಒಬ್ಬಳೇ ಓಡಿಸಿಕೊಂಡು ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಹೋಗುವವಳಿದ್ದಳು. ಅಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು, ಸೋಮವಾರ ಬೆಳಿಗ್ಗೆ ಹಾಜರಾಗಬೇಕು. ಮುಂದೆ ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಊರಿಗೆ ಬಂದು ಹೋಗುವಾಗ ಬಸ್ಸು ಸಿಗುವುದಿಲ್ಲ. ಹೆಣ್ಣುಮಗಳು ಅಂಥ ದೊಡ್ಡ ಗಾಡಿ ಓಡಿಸುವುದೇ ಎಂದು ಓಣಿಯವರು ಮೂಗು ಮುರಿದಿದ್ದರು. ಅವರ ಮೂಗಿಗೆ ಬೇರೆ ಕೆಲಸವಿಲ್ಲ. ನನ್ನ ಚಿಂತೆ ಅವಳ ಕೈಯ ಬಗ್ಗೆ ಇರಲಿಲ್ಲ. ಕೈ ಚೆನ್ನಾಗಿತ್ತು, ಕಲಿಸಿದವನು ನಾನು. ಚಿಂತೆ ಇದ್ದದ್ದು ಅವಳ ಹಿಂದೆ ಬರುವ ಅದಿರು ಲಾರಿಗಳ ಬಗ್ಗೆ. ಅದಕ್ಕೇ ಬೆಳಿಗ್ಗೆಯೇ ಹೇಳಿಬಿಟ್ಟಿದ್ದೆ: ಎರಡೂ ದೀಪ ಸರಿಯಾಗಿ ಹತ್ತದೆ ಕೀಲಿ ನನ್ನ ಜೇಬಿನಿಂದ ಹೊರಗೆ ಬರುವುದಿಲ್ಲ, ನೀನು ಬಸ್ಸಿಗೆ ಹೋಗು, ಕಾರು ಮನೆಯಲ್ಲೇ ಇರಲಿ.

ಮೊದಲು ಬಲಗಡೆಯದನ್ನು ಬಿಚ್ಚಿದೆ. ಸ್ಕ್ರೂ ತುಕ್ಕು ಹಿಡಿದಿತ್ತು, ಒಂದು ತೊಟ್ಟು ಎಣ್ಣೆಗೆ ಸಡಿಲವಾಯಿತು. ದೀಪದ ಕೆಂಪು ಮುಚ್ಚಳದ ಅಂಚಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದದ್ದು ಕೆಸರಲ್ಲ, ವಿಭೂತಿ ಮತ್ತು ಕುಂಕುಮ. ಪ್ರತಿ ಅಮಾವಾಸ್ಯೆಗೆ ಬಸಮ್ಮ ಕಾರಿಗೆ ಪೂಜೆ ಮಾಡುತ್ತಾಳೆ. ಉಚ್ಚಂಗೆಮ್ಮನ ಹೆಸರು ಹೇಳಿ ಮುಂದಿನ ದೀಪ, ಹಿಂದಿನ ದೀಪ ಎಲ್ಲದಕ್ಕೂ ಮೂರು ಬೆರಳು ಎಳೆದು ನಡುವೆ ಬೊಟ್ಟಿಡುತ್ತಾಳೆ. ವರ್ಷಗಳ ಭಕ್ತಿ ಅಲ್ಲಿ ಪದರ ಪದರವಾಗಿ ಗಾರೆಯಂತೆ ನಿಂತಿತ್ತು. ಕಸಬರಿಗೆ ಕಡ್ಡಿಯಿಂದ ಅದನ್ನು ಕೆತ್ತಿ ತೆಗೆಯುವಾಗ ಅವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಸಲಹೆಗಾರರು ಬಂದರು. ನಮ್ಮ ಊರಿನಲ್ಲಿ ಮನುಷ್ಯ ಕುಕ್ಕರಗಾಲಲ್ಲಿ ಕೂತರೆ ಸಾಕು, ಸಲಹೆ ತಾನಾಗಿ ನಡೆದು ಬರುತ್ತದೆ. ಒಬ್ಬರು ಸೀಮೆಎಣ್ಣೆ ಎಂದರು, ಒಬ್ಬರು ಹುಣಸೆಹುಳಿ, ಮತ್ತೊಬ್ಬರು ಒಲೆಯ ಬೂದಿ. ಪೆಟ್ರೋಲಿನಲ್ಲಿ ಅದ್ದಿಬಿಡಿ ಎಂದವರ ಗಾಡಿಯ ದೀಪ ಮೊಸರಿನಂತೆ ಮಂಜಾಗಿರುವುದನ್ನು ನಾನು ಕಂಡಿದ್ದೇನೆ. ನಾನು ನನ್ನ ಪದ್ಧತಿ ಹಿಡಿದೆ. ಸೋಪಿನ ನೀರು, ಆಮೇಲೆ ಒದ್ದೆ ಬಟ್ಟೆಯ ಮೇಲೆ ಬಿಳಿ ಹಲ್ಲುಪುಡಿ, ಮೆಲ್ಲಗೆ ಸುತ್ತು ಸುತ್ತಾಗಿ ಒಳಗೂ ಹೊರಗೂ. ಕೈದೀಪದ ಹಿತ್ತಾಳೆಯನ್ನು ನಾನು ಹೊಳೆಸುತ್ತಿದ್ದದ್ದು ಹಾಗೆಯೇ. ಬಲ್ಬು ಕೂರುವ ಜಾಗದ ತುಕ್ಕನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿದೆ. ಬಲಗಡೆಯ ಮುಚ್ಚಳ ದಾಳಿಂಬೆಯ ಕಾಳಿನಂತೆ ಹೊಳೆಯತೊಡಗಿತು.

ಎಡಗಡೆಯದನ್ನು ತಿಕ್ಕತೊಡಗಿದೆ. ಹೊರಗೆ ಏನೂ ಆಗಲಿಲ್ಲ. ಒಳಗೆ ತಿಕ್ಕಿದಾಗ ಬಿಳಿ ಹಲ್ಲುಪುಡಿ ಗುಲಾಬಿ ಬಣ್ಣಕ್ಕೆ ತಿರುಗಿತು. ಇನ್ನಷ್ಟು ತಿಕ್ಕಿದೆ. ಕೆಂಪು ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ನೀರಿನಂತೆ ಬೆಳ್ಳಗಿನ ಒಂದು ಪ್ಲಾಸ್ಟಿಕ್ ಮುಚ್ಚಳ. ತಲೆ ಎತ್ತಿದೆ. ಕೊಟ್ರಪ್ಪ ಬೇವಿನ ಮರದಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಕೇಳಿದ ಮೇಲೆ ವಿಷಯ ಹೊರಬಿತ್ತು. ಹೋದ ಬೇಸಿಗೆಯಲ್ಲಿ ಗೆಳೆಯನ ಮದುವೆಗೆಂದು ಅವನು ಕಾರು ಒಯ್ದಿದ್ದ. ಹಿಂದಕ್ಕೆ ತೆಗೆಯುವಾಗ ಬಂಡೆಗಲ್ಲಿಗೆ ತಾಗಿಸಿ ಎಡದೀಪ ಒಡೆದಿದ್ದಾನೆ. ಅದೇ ಅಳತೆಯ ಬಿಳಿ ಮುಚ್ಚಳ ಎಲ್ಲಿಂದಲೋ ತಂದು, ಒಳಬದಿಗೆ ಬಣ್ಣ ಬಳಿದು, ಕೂರಿಸಿ, ನಮಸ್ಕಾರ ಹೇಳಿ ಹೋಗಿದ್ದಾನೆ. ದಿನಾ ಬೆಳಿಗ್ಗೆ ಹೊರಗಿನಿಂದ ಒರೆಸುವ ನನಗೆ ಕಾಣಲಿ ಹೇಗೆ?

ಗಿರಿಜಾ ಬಟ್ಟೆಯ ಮೇಲಿನ ಸಿಪ್ಪೆಯನ್ನು ಬೆರಳಿಗೆ ಹತ್ತಿಸಿಕೊಂಡು ನೋಡಿದಳು.

"ಮಾಮ, ಇದು ನನ್ನ ನೇಲ್ ಪಾಲಿಶ್. ಮನಿ ತುಂಬ ಹುಡುಕೀನಿ ನಾನು."

"ಪೂರಾ ಶೀಸೆ ಬೇಕಾತವ್ವ," ಎಂದ ಕೊಟ್ರಪ್ಪ. "ಎರಡ್ ಕೋಟ್ ಹೊಡದೀನಿ."

ಎರಡು ಕೋಟು ಹೊಡೆದದ್ದು ಅವನ ಪ್ರಕಾರ ಪ್ರಾಮಾಣಿಕತೆ. ಬಸಮ್ಮ ಮಾತ್ರ "ಲೇ ಕೊಟ್ರ, ಉಣ್ಣಾಕ ಬಾ, ಹೇಳ್ತೀನಿ ನಿನಗ" ಎಂದಳು. ಅವನು ಹೆದರಿದ್ದು ಅದಕ್ಕೆ, ನನಗಲ್ಲ.

ಹೊಸ ಮುಚ್ಚಳ ತರೋಣವೆಂದರೆ ಅಮಾವಾಸ್ಯೆ. ಆ ದಿನ ನಮ್ಮ ಕಡೆಯ ಗ್ಯಾರೇಜಿನವರು ಬೋಲ್ಟು ಬಿಚ್ಚುವ ಪಾನಾ ಮುಟ್ಟುವುದಿಲ್ಲ. ಉಪಕರಣಗಳಿಗೆ ಊದಿನಕಡ್ಡಿ ಹಚ್ಚಿ ಬಾಗಿಲು ಹಾಕಿಕೊಳ್ಳುತ್ತಾರೆ. ಉಳಿದ ದಿನಗಳಲ್ಲಿ ಅವರು ಮಾಡುವ ಕೆಲಸ ನೋಡಿದರೆ ರಜೆಯ ದಿನವೇ ಗಾಡಿಗಳಿಗೆ ಕ್ಷೇಮ. ಆದರೆ ಅಂದು ನನಗೆ ಅಂಗಡಿ ಬೇಕಿತ್ತು. ಕೊಟ್ರಪ್ಪ ಎರಡು ಕಡೆ ಹೋಗಿ ಬರಿಗೈಯಲ್ಲಿ ಬಂದ. ಕೆಂಪು ಜಿಲೇಟಿನ್ ಕಾಗದ ಅಂಟಿಸೋಣವೇ ಎಂದು ಮೆಲ್ಲಗೆ ಕೇಳಿ ನೋಡಿದ. ಊಟದ ಹೊತ್ತು ಮೀರಿತು. ಗಿರಿಜಾ ತನ್ನ ಸಾಮಾನನ್ನು ಕಾರಿನಿಂದ ಇಳಿಸಿ ಬಸ್ಸಿಗೆ ಒಯ್ಯುವ ಚೀಲಕ್ಕೆ ತುಂಬತೊಡಗಿದಳು.

ಎದ್ದು ಒಳಗೆ ಹೋದೆ. ಕಪಾಟಿನಲ್ಲಿ ನನ್ನ ಕೈದೀಪವಿತ್ತು. ನಾನು ನಿವೃತ್ತನಾದ ದಿನ ಜೊತೆಯವರು ಉಡುಗೊರೆಯಾಗಿ ಕೊಟ್ಟ ಹಳೆಯ ಕಾಲದ ಎಣ್ಣೆಯ ದೀಪ, ಒಳಗೆ ಕೆಂಪು ಗಾಜು, ಹಸಿರು ಗಾಜು. ಕೆಂಪು ಗಾಜಿನ ಬಿಲ್ಲೆಯನ್ನು ಅದರ ತಗಡಿನಿಂದ ಬಿಡಿಸಿ ಹೊರಗೆ ತಂದು ಬಿಳಿ ಮುಚ್ಚಳದ ಒಳಗಿಟ್ಟು ನೋಡಿದೆ. ಸುತ್ತ ಸ್ವಲ್ಪ ಜಾಗ ಉಳಿದು ಅಲುಗಾಡುತ್ತಿತ್ತು.

"ಅಪ್ಪಾ, ಅದು ನಿನ್ನ ದೀಪದ್ದು. ಬ್ಯಾಡ," ಎಂದಳು ಗಿರಿಜಾ.

"ಕಪಾಟಿನ್ಯಾಗ ಇಟ್ಟ ದೀಪಾನ ಹಿಂದ ಬರೋ ಲಾರಿಯಾವ ನೋಡ್ತಾನೇನು?" ಎಂದೆ.

ಕೊಟ್ರಪ್ಪ ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಬಳೆ ಕತ್ತರಿಸಿ ಕೊಟ್ಟ. ಅದರ ನಡುವೆ ಗಾಜು ಬಿಗಿಯಾಗಿ ಕೂತಿತು. ಅವನಿಂದ ಈ ಕಾರಿಗೆ ಆದ ಉಪಕಾರ ಅದೊಂದೇ, ಆದ್ದರಿಂದ ಬರೆದಿದ್ದೇನೆ.

ಇನ್ನು ಪರೀಕ್ಷೆ. ಇಲ್ಲಿ ಈ ದೀಪದ ಒಂದು ದುಷ್ಟ ಗುಣ ಹೇಳಬೇಕು. ಬ್ರೇಕ್ ಒತ್ತುವವನಿಗೆ ಬ್ರೇಕ್ ದೀಪ ಕಾಣುವುದಿಲ್ಲ. ನೀವು ಎಷ್ಟೇ ಶಿಸ್ತಿನವರಾಗಿರಿ, ಹಿಂದೆ ಒಬ್ಬನನ್ನು ನಿಲ್ಲಿಸಿ, ಅವನು ಹೇಳಿದ್ದನ್ನು ನಂಬಬೇಕು. ನನ್ನ ಪಾಲಿಗೆ ಬಂದವನು ಕೊಟ್ರಪ್ಪ. ನಾನು ಪೆಡಲ್ ಮುಟ್ಟುವ ಮೊದಲೇ "ಹತ್ತೈತ್ರಿ" ಎಂದು ಕೂಗಿದ. ಅವನನ್ನು ಕೂರಿಸಿ ನಾನೇ ಹಿಂದೆ ಹೋಗೋಣವೆಂದರೆ ಅವನು ಬ್ರೇಕಿನ ಬದಲು ಹಾರ್ನ್ ಒತ್ತುತ್ತಾನೆ. ಕೊನೆಗೆ ಗಿರಿಜಾ ಕೂತಳು, ನಾನು ಹಿಂದೆ ನಿಂತೆ. ಎರಡು ಸಲ ಒತ್ತು ಎಂದೆ. ಎರಡೂ ದೀಪ ಎರಡು ಸಲ ಜೋರಾಗಿ ಹತ್ತಿ ತಣ್ಣಗಾದವು. ಒಂದು ದಾಳಿಂಬೆ ಕೆಂಪು, ಇನ್ನೊಂದು ವೀಳ್ಯ ಜಗಿದ ಕೆಂಪು. ಜೋಡಿ ಹೊಂದದ ವಸ್ತು ನನಗೆ ಆಗಿಬರುವುದಿಲ್ಲ. ಆದರೂ ಕೀಲಿ ಕೊಟ್ಟೆ.

ಹೊರಡುವ ಹೊತ್ತಿಗೆ ಬಸಮ್ಮ ತಟ್ಟೆ ಹಿಡಿದು ಬಂದಳು. ಮುಂದಿನ ಪೂಜೆ ಮುಗಿಸಿ, ಬೆರಳಿಗೆ ವಿಭೂತಿ ಹಚ್ಚಿಕೊಂಡು ಹಿಂದಕ್ಕೆ ನಡೆದಳು. ನಾನು ಅಡ್ಡ ನಿಂತೆ. ಬೆಳಗಿನಿಂದ ಕೆತ್ತಿದ್ದೇನೆ, ಗಾಜಿಗೆ ಕೈ ಹಚ್ಚಬೇಡ ಎಂದೆ.

"ನೀವು ತೊಳದದ್ದು ಕಾಯ್ತೈತಿ ಅಂತೀರಿ, ನಾನು ಹಚ್ಚಿದ್ದು ಕಾಯ್ತೈತಿ ಅಂತೀನಿ," ಎಂದಳು. "ಮಗಳು ಒಬ್ಬಾಕೀನ ಹೊಂಟಾಳ. ಎರಡೂ ಇರ್ಲಿ ಬಿಡ್ರಿ."

ವಾದಕ್ಕೆ ನನ್ನ ಬಳಿ ಬೇಕಾದಷ್ಟು ಸಾಮಗ್ರಿ ಇತ್ತು. ಸರಿದು ನಿಂತೆ. ಅವಳು ಗಾಜನ್ನು ಬಿಟ್ಟು, ಅದರ ಕೆಳಗಿನ ತಗಡಿನ ಮೇಲೆ ಒಂದೊಂದು ಚಿಕ್ಕ ಬೊಟ್ಟಿಟ್ಟಳು.

ಕಾರು ಹೊರಟಿತು. ಅಮಾವಾಸ್ಯೆಯ ಕತ್ತಲೆ ಬೇಗ ಇಳಿದಿತ್ತು. ನಾವು ಮೂವರೂ ಬೇವಿನ ಕೆಳಗೆ ನಿಂತಿದ್ದೆವು. ಇಷ್ಟು ವರ್ಷ ಆ ಕಾರಿನ ಮಾಲೀಕನಾಗಿ ಅದು ಕತ್ತಲೆಯಲ್ಲಿ ದೂರ ಹೋಗುವುದನ್ನು ನಾನು ನೋಡಿಯೇ ಇರಲಿಲ್ಲ, ಯಾಕೆಂದರೆ ಅದು ರಾತ್ರಿ ಹೊರಟಾಗಲೆಲ್ಲ ಒಳಗೆ ನಾನೇ ಇರುತ್ತಿದ್ದೆ. ಕೊಟ್ರಪ್ಪ ಒಳಗೆ ಹೋಗಲು ತಿರುಗಿದ. ಅವನ ತೋಳು ಹಿಡಿದು ನಿಲ್ಲಿಸಿದೆ. ಬಾಲದ ದೀಪ ಕಣ್ಮರೆಯಾಗುವವರೆಗೆ ಹೋಗುವಂತಿಲ್ಲ.

ಕೊಟ್ಟೂರು ರಸ್ತೆಯ ತಿರುವಿನಲ್ಲಿ ಎರಡು ಕೆಂಪುಗಳೂ ಒಮ್ಮೆ ಜೋರಾಗಿ ಹತ್ತಿ ಆರಿದವು. ಮತ್ತೊಮ್ಮೆ ಹತ್ತಿ ಆರಿದವು. ಮುಂದೆ ದನವಿರಲಿಲ್ಲ, ಜನವಿರಲಿಲ್ಲ, ಗುಂಡಿಯೂ ಇರಲಿಲ್ಲ. ಕಾರಣವಿಲ್ಲದೆ ಬ್ರೇಕ್ ಒತ್ತುವುದು ತಪ್ಪು ಅಭ್ಯಾಸ. ಮುಂದಿನ ಸಲ ಬಂದಾಗ ಹೇಳಬೇಕು.

ಗಾಡಿ ಪೂರ್ತಿ ಹೋಯಿತು. ಗುಲಾಬಿ ಬಣ್ಣಕ್ಕೆ ತಿರುಗಿದ್ದ ಬಟ್ಟೆಯನ್ನು ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿದೆ.