ತಂತಿಗೆ ಚುಚ್ಚಿದ ಹಡಗಿನ ಲಕೋಟೆ

ಬಂದ ಕಾಗದಗಳನ್ನು ತಂತಿಗೆ ಚುಚ್ಚಿ ತೂಗುಹಾಕುವ ರೂಢಿ ಶಿವಮೊಗ್ಗದಿಂದ ಹೊರಡುವಾಗ ನನಗೆ ನೆನಪಾಗಲಿಲ್ಲ. ಭದ್ರಾವತಿಯಲ್ಲಿ ಅಪ್ಪನ ಹಳೆಯ ಗೆಳೆಯ, ಮೆಕ್ಯಾನಿಕ್ ಖಾದರ್ ಸಾಹೇಬರು ತಂತಿಯಿಂದ ಒಂದೊಂದೇ ಕಾಗದ ಕಳಚತೊಡಗಿದಾಗಲೇ ನೋಡಿದ್ದು: ಪ್ರತಿಯೊಂದರಲ್ಲೂ ತಂತಿಯ ತೂತು.

ಮಹಾಯುದ್ಧ ಮುಗಿದ ಮೇಲೆ ಬೊಂಬಾಯಿಗೆ ಬಂದಿದ್ದ ಯುದ್ಧನೌಕೆಯೊಂದನ್ನು ನೋಡಲು ಹೋದ ಅಪ್ಪ, ಹಡಗಿನ ಅಂಚೆಯಲ್ಲೇ ಇವರಿಗೆ ಪತ್ರ ಹಾಕಿದ್ದರು. ಆಗಿನ್ನೂ ಹುಡುಗನಾಗಿದ್ದ ನಾನೂ ಅವರ ಜೊತೆ ಹಡಗು ಹತ್ತಿದ್ದೆನೆಂದು ನನ್ನ ನೆನಪು. ಇಲ್ಲವೆಂದು ಅಕ್ಕನ ವಾದ. ಆಧಾರವಿಲ್ಲದ್ದನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನಿಗೆ ಇಬ್ಬರ ಮಾತೂ ಸಾಲದು. ಆ ಹಡಗಿನ ಅಂಚೆ ಮೊಹರುಗಳನ್ನು ವರ್ಷಗಳಿಂದ ಕೂಡಿಸುತ್ತಿದ್ದೇನೆ. ಅಪ್ಪ ಇವರಿಗೆ ಕಳಿಸಿದ ಲಕೋಟೆಯ ಮೊಹರಿನ ತಾರೀಖು ನಾನು ಬೊಂಬಾಯಿಯಲ್ಲಿ ಕಳೆದ ಬೇಸಿಗೆ ರಜೆಯೊಳಗೆ ಬಿದ್ದರೆ ನಾನು ಗೆದ್ದಂತೆ.

“ತಗೋ ಮಾರಾಯ, ಇದೇ.”

ಮೊಹರಿನಲ್ಲಿ ಹಡಗಿನ ಹೆಸರು ನಿಚ್ಚಳವಾಗಿತ್ತು. ತಾರೀಖಿನ ಜಾಗದಲ್ಲಿ ತಂತಿಯ ತೂತು.

“ಮುಖ ಯಾಕೆ ಹಂಗ್ ಮಾಡ್ತೀಯ? ಒಳಗೆ ಕಾಗದ ಇದೆಯಲ್ಲ! ನಿಮ್ಮಪ್ಪ ತಾರೀಖು ಹಾಕ್ದೆ ಒಂದು ಚೀಟಿನೂ ಬರೀತಿರ್ಲಿಲ್ಲ.”

ತಾರೀಖಿತ್ತು. ನನ್ನ ರಜೆಯ ದಿನವೇ. ಅದರ ಕೆಳಗೆ ಅಪ್ಪನ ಅಕ್ಷರ: ‘ಹುಡುಗನಿಗೆ ಜ್ವರ. ಕೋಣೆಯಲ್ಲೇ ಬಿಟ್ಟು ಬಂದೆ, ಬಹಳ ಅತ್ತ. ಹೋಗಿ ಇಲ್ಲಿ ಕಂಡದ್ದನ್ನೆಲ್ಲ ಒಂದನ್ನೂ ಬಿಡದೆ ಅವನಿಗೆ ಹೇಳಬೇಕು.’

“ಹತ್ತಿದ್ಯೋ ಇಲ್ವೋ?” ಎಂದರು ಸಾಹೇಬರು.

ಬಿಸಿಲಿಗೆ ಕಾದ ಹಡಗಿನ ಏಣಿಯ ಕಬ್ಬಿಣ ಅಂಗೈ ಸುಟ್ಟದ್ದು ನನಗೆ ಈಗಲೂ ನೆನಪಿದೆ. ಕಾಗದ ಮಡಿಚಿ ಲಕೋಟೆಯೊಳಗಿಟ್ಟೆ. ಲಕೋಟೆಯ ತೂತಿಗೆ ಕಾಗದದ ತೂತು ಕೂಡಲಿಲ್ಲ. ತೆಗೆದು ಮತ್ತೆ ಮಡಿಚಿದೆ.